ಸುಗಂಧಿ ಗಡ್ಡೆಯ ಚಳಿಗಾಲದ ನಿದ್ದೆ

ಹೂವಿನ ಗಿಡ ಸಾಕುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ಕೊಲ್ಲಿ ನಾಡಿನ ಮೆಸಯೀದಿನ ಕಂಪನಿ ಕ್ವಾರ್ಟರ್ಸಿನಲ್ಲಿ ಸಾಕಿದರಂತೂ ವರ್ಷಪೂರ್ತಿ. ನಾನು ಪ್ಲಾಂಟಿನಲ್ಲಿ ಟೆಕ್ನಿಶಿಯನ್. ಇಲ್ಲಿಗೆ ಹೆಂಡತಿಯನ್ನು ಕರೆತರುವ ಹಾಗಿಲ್ಲ. ವಿಡಿಯೋ ಕಾಲಿನಲ್ಲಿ ಅವಳ ಮುಡಿಯ ಬಿಳಿ ಸುಗಂಧಿ ಕಾಣುತ್ತದೆ, ವಾಸನೆ ಬರುವುದಿಲ್ಲ. ಆ ವಾಸನೆಗಾಗಿ ಜೀವ ಒದ್ದಾಡಿ, ಅಲ್ ಮನ್ಸೂರಾದ ಗೆಳೆಯರೊಬ್ಬರಿಂದ ಮೂರು ಗಡ್ಡೆ ತಂದೆ. ಚಳಿಗಾಲದಲ್ಲಿ ಎಲೆ ಒಣಗಿ ಗಡ್ಡೆ ಮಲಗುತ್ತದೆ. ನೀರು ಕೊಡದೆ ಬಿಟ್ಟರೆ ಬೇಸಿಗೆಯ ಹೊತ್ತಿಗೆ ತಾನೇ ಏಳುತ್ತದೆ. ಸುಮ್ಮನೆ ಬಿಡುವುದೇ ಇಲ್ಲಿ ಕಷ್ಟದ ಕೆಲಸ.

೧. ಚಹಾ

ಮೊದಲನೆಯದನ್ನು ಕಾಗದದಲ್ಲಿ ಸುತ್ತಿ ಅಡುಗೆಮನೆಯ ಕಪಾಟಿನಲ್ಲಿ ಮಲಗಿಸಿದೆ. ನನ್ನ ರೂಮ್‌ಮೇಟ್ ಬಾಗಲಕೋಟೆಯವ, ಅದೇ ಪ್ಲಾಂಟಿನ ಸೇಫ್ಟಿ ವಿಭಾಗದವ. ಶುಕ್ರವಾರ ಬೆಳಿಗ್ಗೆ ಪ್ರೀತಿಯಿಂದ ಚಹಾ ಕೊಟ್ಟ. ಅರ್ಧ ಕುಡಿದ ಮೇಲೆ ಅಂದ, "ಅಣ್ಣಾರ, ನಿಮ್ಮ ಶುಂಠಿಗೆ ಖಾರನ ಇಲ್ರಿ. ಅದಕ್ಕ ಪೂರ್ತಿ ಗಡ್ಡಿ ಜಜ್ಜಿ ಹಾಕೀನಿ."

ಉಳಿದರ್ಧವನ್ನೂ ಕುಡಿದೆ. ಹೂವಂತೂ ಹೋಯಿತು, ಚಹಾವನ್ನಾದರೂ ಯಾಕೆ ಬಿಡಲಿ?

೨. ಪೆಟೂನಿಯಾ

ಎರಡನೆಯದು ಬ್ಲಾಕಿನ ಹಿಂದಿನ ತೋಟದಲ್ಲಿತ್ತು. ಎಲೆ ಹಳದಿಯಾದದ್ದು ಕಂಡು ಖುಷಿಪಟ್ಟು, ಬುಡಕ್ಕೆ ತರಗೆಲೆ ಹೊದಿಸಿ ಡ್ಯೂಟಿಗೆ ಹೋದೆ. ಬರುವಷ್ಟರಲ್ಲಿ ಮಾಲಿ ಅದನ್ನು ಕಿತ್ತು ಕಸದ ಲಾರಿಗೆ ಹಾಕಿ, ಆ ಗುಂಡಿಯಲ್ಲಿ ಪೆಟೂನಿಯಾ ಹೂಗಿಡ ನೆಟ್ಟಿದ್ದ. "ವೋ ಖಲಾಸ್ ಹೋ ಗಯಾ ಥಾ, ಸಾಬ್," ಎಂದ. ಅವನ ಲೆಕ್ಕದಲ್ಲಿ ಅದು ಸತ್ತ ಗಿಡ. ನನಗೆ ಕಣ್ಣು ತುಂಬಿ ಬಂತು. ಮಾಲಿ ಅದು ಸಂತೋಷಕ್ಕೆ ಅಂದುಕೊಂಡು ಇನ್ನೂ ನಾಲ್ಕು ನೆಟ್ಟ.

೩. ಟ್ಯಾಗ್

ಕೊನೆಯದೊಂದೇ ಉಳಿಯಿತು. ಪ್ಲಾಂಟಿನಲ್ಲಿ ರಿಪೇರಿಗೆ ನಿಲ್ಲಿಸಿದ ಪಂಪಿಗೆ ಕೆಂಪು ಟ್ಯಾಗ್ ಕಟ್ಟುತ್ತೇವೆ. ಕಟ್ಟಿದವನೇ ಬಿಚ್ಚಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಅಂಥದ್ದೇ ಒಂದರ ಮೇಲೆ ನನ್ನ ಹೆಸರು ಬರೆದು ಗಡ್ಡೆಯ ಡಬ್ಬಕ್ಕೆ ಕಟ್ಟಿ, ಮಂಚದಡಿ ಇಟ್ಟು ಊರಿಗೆ ಹೋದೆ. ಎರಡು ವರ್ಷದ ಮೇಲೆ ಸಿಕ್ಕಿದ ಒಂದು ತಿಂಗಳ ರಜೆ, ದಿನಗಳು ಓಡಿಹೋದವು.

ಮೂರನೇ ವಾರ ರೂಮ್‌ಮೇಟ್ ಫೋನ್ ಮಾಡಿದ. "ಅಣ್ಣಾರ, ಡಬ್ಬಿ ತೂತಿನಾಗಿಂದ ಮೊಳಕಿ ಹೊರಗ ಬಂದೈತ್ರಿ! ನೀರಿಲ್ದ ಬಾಡಾಕತ್ತೈತಿ."

"ಬಿಚ್ಚಿ ನೀರು ಹಾಕು ಮಾರಾಯ!"

"ಹೆಂಗ ಬಿಚ್ಚಲಿ? ಟ್ಯಾಗ್ ನಿಮ್ಮ ಹೆಸರಿನ್ಯಾಗ ಐತಿ."

"ನಾನೇ ಹೇಳ್ತಾ ಇದ್ದೇನಲ್ಲ!"

"ಫೋನಿನ್ಯಾಗ ನಡಿಯಂಗಿಲ್ರಿ. ನೀವ ಬರಬೇಕು, ಇಲ್ಲಂದ್ರ ನಿಮ್ಮ ಮ್ಯಾಲಿನವ್ರು ಹೇಳಬೇಕು."

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಹೆಂಡತಿ ಫೋನ್ ಕಸಿದುಕೊಂಡಳು.

"ಇವರ ಮೇಲಿನವಳು ನಾನೇ. ಬಿಚ್ಚಿ ನೀರು ಹಾಕಿ. ಮತ್ತೆ ಕೇಳಿ ಮಾರಾಯ್ರೆ, ಇವರಿಗೂ ನಾನೊಂದು ಟ್ಯಾಗ್ ಕಟ್ಟಿದ್ದೇನೆ. ಇನ್ನು ಎಂಟು ದಿನ ಯಾರೂ ಮುಟ್ಲಿಕ್ಕಿಲ್ಲ!"