ಹವಳಕ್ಕೆ ಎಷ್ಟಿಂಚಿನ ಪೈಪು?

ಹೊಸಪೇಟೆಯ ಬಿಸಿಲಲ್ಲಿ ಸಮುದ್ರ ಸಾಕಲು ಹೊರಟವನಿಗೆ ದಿನಕ್ಕೊಂದು ಪೇಚು ತಪ್ಪಿದ್ದಲ್ಲ. ನಾನೇನು ಶೋಕಿಗೆ ಹೊರಟವನಲ್ಲ. ಗೆಳೆಯ ತೀರಿಕೊಂಡ ಮೇಲೆ ಅವನ ಹೆಂಡತಿ, "ನನ್ನ ಕೈಲೆ ಆಗಂಗಿಲ್ಲಣ್ಣ" ಎಂದು ಅವನ ಉಪ್ಪುನೀರಿನ ಗಾಜಿನ ತೊಟ್ಟಿ, ಎರಡು ಮೀನು, ಅಂಗೈಯಗಲದ ಜೀವಂತ ಹವಳ ನನಗೆ ಒಪ್ಪಿಸಿದಳು. ಕೊಳೆತ ಆಹಾರದಿಂದ ನೀರಲ್ಲಿ ಫಾಸ್ಫೇಟ್ ಹೆಚ್ಚಿ ಹವಳ ಕಂದತೊಡಗಿತು. ಅದೂ ಹೋದರೆ ಅವನದೆಂದು ನನ್ನ ಹತ್ತಿರ ಏನುಳಿಯಿತು? ನಾನೇ ಫಿಲ್ಟರ್ ಮಾಡಲು ಕೂತೆ: ನಿಲ್ಲಿಸಿದ ಪೈಪು, ಒಳಗೆ ಫಾಸ್ಫೇಟ್ ಹೀರುವ ಕಬ್ಬಿಣದ ಹರಳು, ಕೆಳಗಿನಿಂದ ನೀರು ನೂಕುವ ಮೋಟಾರು.

೧. ಮೋಟಾರು

"ಎಷ್ಟ್ ಎಕರೆರಿ?" ಎಂದರು ಅಂಗಡಿಯವರು.

"ಎಕರೆ ಅಲ್ರಿ, ಮೂರಡಿ ತೊಟ್ಟಿ."

ಕೂಲರ್ ಮೋಟಾರು ಕೊಟ್ಟರು, ಕನಿಕರದಿಂದ ನೋಡಿಯೂ ನೋಡಿದರು. "ಮೂರಡಿಗೆ ಮೋಟಾರ್ ಯಾಕ್ರಿ? ತಂಬಿಗಿಲೆ ಹಾಕ್ರಿ."

೨. ಹರಳು

ಹರಳು ಕೊರಿಯರಿನಲ್ಲಿ ಬಂತು. ಯಶವಂತನಗರದಲ್ಲಿ ಗಣಿ ಲಾರಿ ಓಡಿಸುವ ಭಾವ ಡಬ್ಬಿ ಬಿಚ್ಚಿ ನೋಡಿದ.

"ಲೇ, ಕಬ್ಬಿಣದ ಪುಡಿ ಅಷ್ಟ್ ದೂರದಿಂದ ತರಸೀಯಲ್ಲೋ! ನಿಮ್ಮಕ್ಕ ನನ್ನ ಅಂಗಿ ಒಗೆಯೋ ನೀರಾಗ ದಿನಾ ಒಂದ್ ಬಕೆಟ್ ಸಿಗತೈತಿ."

೩. ಅಳತೆ

ಪೈಪಿನ ಅಳತೆಯಲ್ಲೇ ಎಲ್ಲ ಇರುವುದು. ಅಗಲವಾದರೆ ನೀರಿನ ರಭಸ ಸಾಲದೆ ಹರಳು ಗಂಟು ಕಟ್ಟುತ್ತದೆ, ಸಣ್ಣದಾದರೆ ಹಾರಿ ಹೊರಬೀಳುತ್ತದೆ. ಹರಳು ನೀರಲ್ಲಿ ಮೆಲ್ಲಗೆ ಕುದಿಯುವ ಹಾಗೆ ಹೊರಳುತ್ತಿರಬೇಕು. ನನ್ನ ಎರಡಿಂಚಿನ ಪೈಪಿನಲ್ಲಿ ಹಾರಿತು, ತೊಟ್ಟಿಯೆಲ್ಲ ಕೆಂಪು.

"ಮೀನೇನ್ ಸಂಡೂರ ಗಣಿಗೆ ಹೋಗಿ ಬಂದಾವೇನೋ?" ಎಂದಳು ಅವ್ವ.

೪. ತುತ್ತು

ನಾಲ್ಕಿಂಚು ಹಾಕಿದೆ. ಹರಳು ಸರಿಯಾಗಿ ಕುದಿಯಿತು, ಫಾಸ್ಫೇಟ್ ಇಳಿಯಲಿಲ್ಲ. ದೊಡ್ಡ ಮೋಟಾರು ತಂದು ಆರಿಂಚು ಹಾಕಿದೆ. ಆಗಲೂ ಇಲ್ಲ. ದಿನಕ್ಕೊಂದು ಚಿಟಿಕೆ ಆಹಾರಕ್ಕೆ ಇಷ್ಟು ಕೊಳೆ ಎಲ್ಲಿಂದ? ಹವಳದ ಅಂಚು ಬೆಳ್ಳಗಾಯಿತು. ಸುಳ್ಳೇಕೆ ಹೇಳಲಿ, ತೊಟ್ಟಿಯ ಮುಂದೆ ಕೂತು ಅತ್ತೆ.

ಮರುದಿನ ಮಧ್ಯಾಹ್ನ ಬೇಗ ಮನೆಗೆ ಬಂದರೆ, ಅವ್ವ ತಟ್ಟೆ ಹಿಡಿದು ತೊಟ್ಟಿಯ ಪಕ್ಕ ಕೂತಿದ್ದಾಳೆ. ತನಗೊಂದು ತುತ್ತು ರೊಟ್ಟಿ, ನೀರಿಗೊಂದು ತುತ್ತು.

"ಅಯ್ಯೋ ಅವ್ವಾ! ಎಷ್ಟು ದಿನದಿಂದ ಇದು?"

"ಅವು ಬಂದಾಗಿಂದ. ನೀ ಹಾಕೋ ಚಿಟಿಕಿ ಯಾವ ಮೂಲಿಗೆ?"

"ಅದರಿಂದನ ಹವಳ ಸಾಯಾಕತ್ತೈತಿ!"

ಅವ್ವನ ಕೈ ನಿಂತಿತು, ಕಣ್ಣು ತುಂಬಿತು. "ನನಗೇನ್ ಗೊತ್ತಪ್ಪ? ಆ ಹುಡುಗ ಒಂದಿನಾನೂ ನಮ್ಮ ಮನ್ಯಾಗ ಉಣ್ಣದ ಹೋಗಿಲ್ಲ. ಅವನ ಮೀನು ನನ್ನ ಬಾಯಿ ನೋಡಕೋತ ನಿಂತ್ರ, ನನಗ ತುತ್ತು ಇಳಿತೈತೇನು?"

ನೀರಲ್ಲಿ ತೇಲುತ್ತಿದ್ದ ರೊಟ್ಟಿಯ ಚೂರು ಎತ್ತಿ ಹಾಕಿದೆ. ಹಳೆಯ ಮೋಟಾರಿಗೇ ಮರಳಿ ಪೈಪನ್ನು ನಾಲ್ಕಿಂಚಿಗೆ ಇಳಿಸಿದೆ. ಈಗ ಊಟದ ಹೊತ್ತಿಗೆ ಹಳೆಯ ಸೀರೆಯೊಂದನ್ನು ತೊಟ್ಟಿಗೆ ಪರದೆಯಾಗಿ ಕಟ್ಟುತ್ತೇವೆ. ಹವಳಕ್ಕೆ ಬಣ್ಣ ಮರಳಿದೆ. ಅವ್ವ ಉಂಡು, ಕೈ ತೊಳೆದು, ಪರದೆ ಸರಿಸುವ ಮುಂಚೆ ಮೀನಿಗೆ ಗೊತ್ತಾಗದ ಹಾಗೆ ಬಾಯಿ ಒರೆಸಿಕೊಳ್ಳುತ್ತಾಳೆ.