ಮೂರು ವಾಟಿನ ಗೋಳು

ಕೂದಲೆಂದುಕೊಂಡು ಕೆಮಿಸ್ಟ್ರಿಯ ಹೇಮಾ ಮೇಡಮ್ ಕಿತ್ತು ಬಿಸಾಕಿದ್ದು ಶಾಹಬಾಜನ ಮೂರು ವರ್ಷದ ದುಡಿಮೆಯನ್ನು.

ಶಿಗ್ಗಾವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಈ ಪುಣ್ಯಾತ್ಮ ರಾಮನ್ ಲೇಸರ್ ಕಟ್ಟುತ್ತಿದ್ದ. ರಂಜಕ ಬೆರೆಸಿದ ಅರ್ಧ ಕಿಲೋಮೀಟರ್ ಗಾಜಿನ ಎಳೆ. ಒಂದು ಬಣ್ಣದ ಬೆಳಕು ಅದರೊಳಗೆ ಹೊಕ್ಕು ಇನ್ನೊಂದು ಬಣ್ಣವಾಗಿ ಹೊರಬರಬೇಕು. ಎರಡೂ ಕಣ್ಣಿಗೆ ಕಾಣುವುದಿಲ್ಲ! ಎಳೆಯ ತುದಿಯ ಕೆಳಗೆ ಮಲಗಿಸಿದ ಕರಿ ಬಿಲ್ಲೆ ಬೆಳಕಿನ ಬಿಸಿ ಅಳೆದು ಮೀಟರಿನಲ್ಲಿ ವಾಟ್ ತೋರಿಸಬೇಕು, ಅದೇ ಸಾಕ್ಷಿ. ಕಣ್ಣಿಗೆ ಅಪಾಯವೆಂದು ಬಿಲ್ಲೆಯ ಮೇಲೊಂದು ಡಬ್ಬಿ ಮುಚ್ಚಿರುತ್ತಿತ್ತು.

ಎಳೆಯನ್ನು ಎರವಲು ಕೊಟ್ಟ ಸಂಸ್ಥೆಯ ಸಾಹೇಬರು ಅಂದು ನಾಲ್ಕಕ್ಕೆ ಬರುವವರಿದ್ದರು. ಮೂರು ವಾಟ್ ಕಂಡರೆ ಎಳೆ ಇಲ್ಲೇ, ಇಲ್ಲದಿದ್ದರೆ ಅವರ ಜೀಪಿನಲ್ಲಿ.

"ಮೇಡಮ್, ಅದು ಕೂದಲಲ್ರಿ, ಫೈಬರ್!"

"ಹಂಗಾದ್ರ ಒಂದು ಚೀಟಿ ಹಚ್ಚಬೇಕಿಲ್ಲೇನ್ರಿ? ಕೆಮಿಸ್ಟ್ರಿಯವ್ರಿಗೆ ಹ್ಯಾಂಗ ಗೊತ್ತಾಗಬೇಕು? ಅದರಾಗ ಬೆಳಕೂ ಕಾಣವಲ್ದು."

ಶಾಹಬಾಜ ಹಲ್ಲು ಕಚ್ಚಿ ಲೇಸರ್ ಆರಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡು ಕಿತ್ತ ಎಳೆಯ ಬೆಸುಗೆಗೆ ಕೂತ. ಬೆಸುಗೆ ಮುಗಿಸಿ ತಿರುಗಿದರೆ, ಜವಾನ ಭರಮಪ್ಪ ಹರಡಿದ್ದ ಎಳೆಯನ್ನೆಲ್ಲ ಬಳೆಯಷ್ಟು ಸಣ್ಣಗೆ ಸುತ್ತಿಟ್ಟಿದ್ದ.

"ಭಾಳ ಹೊಲಸ ಕಾಣತಿತ್ರಿ ಸರ. ಚಂದ ಮಾಡೇನಿ."

"ಹಿಂಗ ಸುತ್ತಿದ್ರ ಬೆಳಕೆಲ್ಲಾ ಸೋರಿ ಹೋಗ್ತೈತೋ ಮಾರಾಯಾ!"

ಬಿಚ್ಚಿ ಹರಡುವಷ್ಟರಲ್ಲಿ ಮೂರೂ ನಲವತ್ತು. ಹೊರಗೆ ಆಗಲೇ ಜೀಪಿನ ಹಾರ್ನ್. ಓಡಿಹೋಗಿ ಸಾಹೇಬರನ್ನು ಕರೆತಂದರೆ, ಯಾ ಅಲ್ಲಾ, ಮೀಟರಿನಲ್ಲಿ ಮೂರು ಪಾಯಿಂಟ್ ಒಂದು! ಶಾಹಬಾಜನಿಗೆ ಕುಣಿಯಬೇಕೆನಿಸಿತು. ಸಾಹೇಬರು ಸಹಿಗೆ ಪೆನ್ನು ತೆಗೆದರು.

"ಸರ, ನನ್ನ ಚಹಾ ಆರತೈತ್ರಿ," ಎನ್ನುತ್ತ ಭರಮಪ್ಪ ನುಗ್ಗಿ ಬಂದು ಡಬ್ಬಿ ಎತ್ತಿದ. ಕರಿ ಬಿಲ್ಲೆಯ ಮೇಲೆ ಹಬೆಯಾಡುವ ಚಹಾದ ಲೋಟ. "ನೊಣ ಬೀಳ್ತಾವಂತ ಒಳಗ ಇಟ್ಟಿದ್ನಿರಿ. ಲೋಟ ಇಡಾಕ ಇದು ಭಾಳ ಚಲೋ ಐತಿ."

ಲೋಟ ಎದ್ದಿತು. ಮೀಟರು ಸೊನ್ನೆಗಿಳಿಯಿತು.

"ಲೇಸರ್ ಚಾಲೂ ಐತೇನ್ರಿ?" ಸಾಹೇಬರು ಕೇಳಿದರು.

ಶಾಹಬಾಜ ಕಿಸೆ ಮುಟ್ಟಿಕೊಂಡ. ಕೀಲಿ ಅಲ್ಲೇ ಇತ್ತು.

ಡಬ್ಬಿ ಮುಚ್ಚಿ, ಕೀಲಿ ಹಾಕಿ ತಿರುವಿದ. ಮೀಟರು ಏರಿತು: ಒಂದು, ಎರಡು, ಮೂರು ಪಾಯಿಂಟ್ ನಾಲ್ಕು. ಅಪ್ಪಟ ಬೆಳಕು!

ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಈ ಸಲ ಏನ ಇಟ್ಟೀರಿ, ಕಾಫಿನ?"

"ಇಲ್ರೀ ಸರ, ಖರೇವಂದ್ರೂ ಇದು ಲೇಸರ್!" ಡಬ್ಬಿ ತೆಗೆದು ತೋರಿಸೋಣವೆಂದರೆ ಕಣ್ಣು ಹೋದೀತು. ಆರಿಸಿ ತೋರಿಸಿದರೆ ಮತ್ತೆ ಸೊನ್ನೆ; ಸೊನ್ನೆಗೆ ಸಾಹೇಬರ ಸಹಿ ಸಿಗದು.

"ನಾ ಮೊದಲ ಅಂದಿದ್ದೆ," ಬಾಗಿಲಲ್ಲಿ ನಿಂತ ಹೇಮಾ ಮೇಡಮ್ ಹೇಳಿದರು, "ಬೆಳಕ ಕಾಣವಲ್ದು ಅಂತ."

ಎಳೆಯನ್ನು ಜೀಪಿಗೆ ಹೊತ್ತೊಯ್ದವನು ಭರಮಪ್ಪ. ಈ ಸಲವೂ ಚಂದ ಸುತ್ತಿಯೇ ಕೊಟ್ಟ.