ಕ್ಯಾಪ್ಟನ್ನನ ಕೊನೆಯ ಮಾತು

ಹೇಳಿದ ಮಾತನ್ನು ಹೇಳಿದಷ್ಟಕ್ಕೇ ಅರ್ಥಮಾಡಿಕೊಂಡು ಸುಮ್ಮನಿರುವವರು ಪುಣ್ಯವಂತರು. ನಾನು ಆ ಗುಂಪಿಗೆ ಸೇರಿದವನಲ್ಲ. ಯಾರಾದರೂ "ಊಟ ಆಯ್ತಾ?" ಎಂದರೆ, ಉಣ್ಣಲು ಕರೆದರೋ ಬೇಗ ಹೊರಡು ಎಂದರೋ ಎಂದು ಕಲ್ಲಡ್ಕದ ನನ್ನ ಮನೆ ತಲುಪುವವರೆಗೂ ಯೋಚಿಸುತ್ತೇನೆ. ಇದು ನನ್ನೊಬ್ಬನ ದೋಷವಲ್ಲ. ತಾಳಮದ್ದಳೆ ಕೇಳುತ್ತಾ ಬೆಳೆದವರು ನಾವು. ಭಾಗವತರು ಹಾಡಿದ ಪದ್ಯದ ಒಂದೇ ಸಾಲಿಗೆ ಎದುರುಬದುರು ಕೂತ ಅರ್ಥಧಾರಿಗಳು ಪಟ್ಟು ಬಿಡದೆ ವಾದಿಸುವುದನ್ನು ಬಾಯಿಬಿಟ್ಟು ನೋಡಿದವರಿಗೆ ಮಾತಿಗೊಂದೇ ಅರ್ಥ ಎಂದರೆ ಊಟಕ್ಕೆ ಅನ್ನ ಮಾತ್ರ ಎಂದ ಹಾಗೆ.

ನಾನು ಮೂಡುಬಿದಿರೆಯ ಕಾಲೇಜಿನಲ್ಲಿದ್ದಾಗ ಟಿ.ವಿ.ಯಲ್ಲಿ ಒಂದು ಬಾಹ್ಯಾಕಾಶದ ಧಾರಾವಾಹಿ ಬರುತ್ತಿತ್ತು. ರಾಕೆಟ್ಟು ರಟ್ಟಿನದು, ಅನ್ಯಗ್ರಹದವರಿಗೆ ಅಂಟಿಸಿದ ಕಿವಿ ಎದ್ದು ಬರುತ್ತಿತ್ತು. ಆದರೂ ನಮಗದು ವೇದ. ಹಾಸ್ಟೆಲಿನ ಕಪ್ಪುಬಿಳುಪು ಪೆಟ್ಟಿಗೆಯ ಮುಂದೆ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ತೋಡಾರಿನ ಹಮೀದ್. ಹಾಸ್ಟೆಲಿನವನಲ್ಲ, ಧಾರಾವಾಹಿಗಾಗಿ ಬಸ್ಸು ತಪ್ಪಿಸಿಕೊಂಡು ನಡೆದೇ ಮನೆಗೆ ಹೋಗುವವನು. ಕೊನೆಯ ಕಂತಿನಲ್ಲಿ ರಾಕೆಟ್ಟಿನ ಕ್ಯಾಪ್ಟನ್ನನ್ನು ಭೂಮಿಯಿಂದ ಅವನ ಹೆಂಡತಿ ಕೇಳುತ್ತಾಳೆ, "ಯಾವಾಗ ಬರುತ್ತೀರಿ?" ಕ್ಯಾಪ್ಟನ್ ಕಿಟಕಿಯತ್ತ ನೋಡಿ, "ಇಲ್ಲಿಂದಲೂ ಮನೆ ಕಾಣುತ್ತದೆ" ಎನ್ನುತ್ತಾನೆ. ಅಷ್ಟೇ. ಧಾರಾವಾಹಿ ಮುಗಿಯಿತು. ಧಾರಾವಾಹಿ ಹಿಂದಿಯದು ಎಂದು ಹೆದರಬೇಡಿ, ನಮ್ಮ ಶಾಲೆಯ ಹಿಂದಿಗೂ ಎಟಕುವ ಮಾತದು.

ಪರದೆ ಕಪ್ಪಾಗುವ ಮೊದಲೇ ಯುದ್ಧ ಶುರುವಾಯಿತು. ಮನೆ ಕಂಡವನು ಬಾರದೆ ಇರುತ್ತಾನೆಯೇ ಎಂದು ನಾನು. "ಬರುವವ ಬರ್ತೇನೆ ಅಂತಾನೆ ಮಾರಾಯ. ಕಾಣ್ತದೆ ಅನ್ನುವವ ಅಲ್ಲೇ ಕೂತ ಅಂತ ಲೆಕ್ಕ" ಎಂದು ಹಮೀದ್. ಮುಂದೆ ಅವನು ಗಲ್ಫಿಗೆ ಹೋದ. ಫೋನಿನಲ್ಲಿ ಮನೆಯವರ ಕ್ಷೇಮ ವಿಚಾರಿಸಿದ ಮೇಲೆ ಕ್ಯಾಪ್ಟನ್ನನ ವಿಷಯಕ್ಕೇ ಬರುತ್ತಿದ್ದ. ಊರಿಗೆ ಮರಳಿದಾಗ, "ನೋಡು, ನೀನೇ ವಾಪಸ್ ಬಂದೆಯಲ್ಲ?" ಎಂದೆ. "ನಾನು ಕ್ಯಾಪ್ಟನ್ ಅಲ್ಲ ಮಾರಾಯ, ಸ್ಟೋರ್ ಕೀಪರ್" ಎಂದ. ಆ ಹಾಸ್ಟೆಲಿನ ಸಂಜೆಗಳು ಈಗಲೂ ನೆನಪಾಗುತ್ತವೆ. ಯಾರ ಬಳಿಯೂ ಏನೂ ಇಲ್ಲದಿದ್ದ ಆ ಕಾಲದಲ್ಲಿ ನಮ್ಮ ಬಳಿ ಒಂದು ಆಕಾಶವಿತ್ತು.

ಕಾಲೇಜು ಮುಗಿದ ಮೇಲೆ ಇದೇ ಗುಂಗಿನಲ್ಲಿ ನಾನು ಕಕ್ಕಿಂಜೆಗೆ ಹೆಣ್ಣು ನೋಡಲು ಹೋದೆ. ಹಿರಿಯರು ನಮ್ಮಿಬ್ಬರನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಸರಿದರು. ಬೇರೆ ಹುಡುಗರು ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುತ್ತಿದ್ದ ಕಾಲ. ನಾನು ಕ್ಯಾಪ್ಟನ್ನನ ಮಾತನ್ನು ವಿವರಿಸಿ, ಅವನು ಬರಲೇಬೇಕು ಎಂಬುದಕ್ಕೆ ನನ್ನ ಎಲ್ಲ ವಾದಗಳನ್ನೂ ಮುಂದಿಟ್ಟು, "ನೀವೇನು ಹೇಳುತ್ತೀರಿ?" ಎಂದೆ. ಸುಮತಿ ತಲೆ ತಗ್ಗಿಸಿಯೇ, "ಅದರಲ್ಲಿ ಬೇರೆ ಹೇಳ್ಲಿಕ್ಕೆ ಏನುಂಟು?" ಎಂದಳು. ನನಗೆ ಸ್ವರ್ಗ ಮೂರೇ ಗೇಣು. ಇಂಥ ಮನಸ್ಸು ಮತ್ತೆಲ್ಲಿ ಸಿಗಬೇಕು! ಬಂಟ್ವಾಳದಲ್ಲಿ ಮದುವೆಯಾಯಿತು. ನಮ್ಮ ದಾಂಪತ್ಯದ ಅಡಿಪಾಯವೇ ಈ ಒಮ್ಮತ ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಮೊನ್ನೆ ಆದಿತ್ಯವಾರ ಮಧ್ಯಾಹ್ನ ಹಮೀದ್ ಓಡೋಡಿ ಬಂದ. ಆ ಕೊನೆಯ ಕಂತು ಅವನ ಮೊಬೈಲಿನಲ್ಲಿ ಸಿಕ್ಕಿತ್ತು. ಮೂವರೂ ಕೂತು ನೋಡಿದೆವು. ಮಾತು ಇದ್ದಂತೆಯೇ ಇತ್ತು, ಯುದ್ಧವೂ ಇದ್ದಂತೆಯೇ ಎದ್ದಿತು. ಸೋಲುವ ಲಕ್ಷಣ ಕಂಡಾಗ ನಾನು ಬ್ರಹ್ಮಾಸ್ತ್ರ ತೆಗೆದೆ. "ಸುಮತಿಯನ್ನೇ ಕೇಳು. ಅವಳು ಮೊದಲಿನಿಂದಲೂ ನನ್ನ ಪಕ್ಷ."

"ನಾನು ಇದನ್ನು ನೋಡಿದ್ದೇ ಇವತ್ತು" ಎಂದಳು ಸುಮತಿ. "ಕಕ್ಕಿಂಜೆಯಲ್ಲಿ ಗುಡ್ಡ ಅಡ್ಡ. ಟಿ.ವಿ. ಹಾಕಿದ್ರೆ ಬರೀ ಚುಕ್ಕಿ. ಮತ್ತೆ ಅವತ್ತು ನಾನು ಬೇರೆ ಎಂತ ಹೇಳುವುದು?"

ಹಮೀದ್ ಕೆಮ್ಮು ಬರುವಷ್ಟು ನಕ್ಕ. "ಹೋಯ್ತು ನಿನ್ನ ಅಡಿಪಾಯ! ಸುಮತಿಯಕ್ಕ, ಈಗಾದ್ರೂ ಹೇಳಿ, ಅವ ಬರ್ತಾನಾ, ಇಲ್ವಾ?"

"ಯಾವಾಗ ಬರ್ತೀರಿ ಅಂತ ಕೇಳಿದ್ದಕ್ಕೆ ಮನೆ ಕಾಣ್ತದೆ ಅಂದನಲ್ಲ, ಹಮೀದಣ್ಣ? ಉತ್ತರ ಕೊಡ್ಲಿಕ್ಕೆ ಮನಸ್ಸಿಲ್ಲ, ಅಷ್ಟೇ. ಇವರೂ ಹಾಗೆಯೇ. ಸೋರುವ ನಳ್ಳಿ ಯಾವಾಗ ಸರಿಮಾಡಿಸ್ತೀರಿ ಕೇಳಿದ್ರೆ, ಪ್ಲಂಬರ್ ಪೇಟೆಯಲ್ಲಿ ಸಿಕ್ಕಿದ್ದ ಅಂತಾರೆ."

ಹಮೀದ್ ಹೋದ ಮೇಲೂ ನನ್ನ ಎದೆಯ ಭಾರ ಇಳಿಯಲಿಲ್ಲ. ಕ್ಯಾಪ್ಟನ್ ಎಲ್ಲಿ ಬೇಕಾದರೂ ಹಾಳಾಗಲಿ. ಈಕೆ ನನ್ನನ್ನು ಒಪ್ಪಿದ್ದು ಯಾಕೆ? ಅಡುಗೆಮನೆಯಲ್ಲಿ ಅಲಸಂಡೆ ಮುರಿಯುತ್ತಿದ್ದವಳನ್ನು ಕೇಳಿಯೇಬಿಟ್ಟೆ. ಅವಳು ಇನ್ನೆರಡು ಕೋಡು ಮುರಿದು ಹಾಕಿದಳು.

"ಗುರ್ತವೇ ಇಲ್ಲದ ಒಬ್ಬ ಮನೆಗೆ ವಾಪಸ್ ಬರ್ಬೇಕು ಅಂತ ಅಷ್ಟು ಒದ್ದಾಡ್ತಾ ಇದ್ರಲ್ಲ ನೀವು. ಇವ ಒಳ್ಳೆಯವ ಇರ್ಬೇಕು ಅಂತ ಆಗ ಕಂಡಿತು."

ಕಣ್ಣು ತುಂಬಿ ಬಂತು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಜಗಲಿಗೆ ಬರುವಷ್ಟರಲ್ಲಿ ಆ "ಆಗ" ಎಂಬುದು ತಲೆ ಕೊರೆಯತೊಡಗಿತು. ಆಗ ಕಂಡಿತು, ಸರಿ, ಈಗ? ಹಮೀದ್‌ಗೆ ಫೋನ್ ಮಾಡಿ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ.

"ಇದಕ್ಕೆ ಎರಡು ಅರ್ಥ ಉಂಟು" ಎಂದ ಅವನು, ಧ್ವನಿಯಲ್ಲಿ ಹಳೆಯ ಹುರುಪು. "ನೀನು ಯಾವ ಪಕ್ಷ ಹೇಳು, ನಾನು ಇನ್ನೊಂದು."

ನಾನು ತಡಮಾಡಲಿಲ್ಲ. "ಅವಳಿಗೆ ಈಗ ಪಶ್ಚಾತ್ತಾಪ ಆಗಿದೆ ಅಂತಲೇ ನನ್ನ ಪಕ್ಷ" ಎಂದುಬಿಟ್ಟೆ. ಇನ್ನು ನಾನು ಒಳ್ಳೆಯವನೆಂದು ಸಾಧಿಸಬೇಕಾದ ಕಷ್ಟ ಅವನದು. ಅವನೆದುರು ನಾನು ಸೋಲಬೇಕೆಂದು ದೇವರನ್ನು ಬೇಡಿಕೊಳ್ಳುತ್ತಿರುವುದು ಇದೇ ಮೊದಲು.